ಗುರುವನ್ನು ಆರಿಸುವ ಬಗೆ

ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ನಾಗಮಂಗಲದ ರಸ್ತೆ ಹಾಯುವಲ್ಲಿ ಬೆಳ್ಳೂರು ಕ್ರಾಸ್ ಇದೆ. ಅಲ್ಲಿ ಬಸ್ಸಿಗೆ ಕಾಯುವವನಿಗೆ ಯೋಚನೆ ಮಾಡಲು ವೇಳೆಯ ಕೊರತೆ ಇರುವುದಿಲ್ಲ. ಈಚೆಗೆ ಒಂದು ಸಂಜೆ ನಾನು ಹಾಗೆ ನಿಂತಿದ್ದಾಗ, ಬಿ.ಎ. ತರಗತಿಯಲ್ಲಿ ಮೂರು ವರ್ಷ ನನ್ನ ಬಳಿ ಕನ್ನಡ ಓದಿದ ಹುಡುಗಿಯೊಬ್ಬಳು ಎದುರಾದಳು. ಬೆಳ್ಳೂರಿನ ಸುತ್ತಿನ ಹಳ್ಳಿಯವಳು. ಸಂಜೆಯ ಹೊತ್ತು ಬೀದಿಯ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಯಾರೂ ಕೇಳದೆ, ಯಾರಿಂದಲೂ ಕಾಸು ತೆಗೆದುಕೊಳ್ಳದೆ ಪಾಠ ಹೇಳಿಕೊಡುತ್ತಿದ್ದವಳು.

“ಬಿ.ಎಡ್. ಏನಾಯಿತಮ್ಮ?” ಎಂದು ಕೇಳಿದೆ.

“ಸರ್ಕಾರಿ ಸೀಟು ಸಿಗಲಿಲ್ಲ ಸಾರ್. ಲಿಸ್ಟು ನನ್ನ ಹತ್ತಿರಕ್ಕೇ ಬರಲಿಲ್ಲ. ದುಡ್ಡು ಕಟ್ಟಿ ಸೇರೋಣ ಅಂದ್ರೆ ಅಪ್ಪನ ಕೈಲಿ ಆಗಲ್ಲ” ಎಂದಳು.

ಅವಳಿಗೆ ಪದವಿಯಲ್ಲಿ ಬಂದದ್ದು ನೂರಕ್ಕೆ 58. ಅವಳ ಜೊತೆಯಲ್ಲೇ ಓದಿದ ಹುಡುಗನೊಬ್ಬನಿಗೆ 84 ಬಂದಿತ್ತು. ಅವನಿಗೆ ಸೀಟು ಸಿಕ್ಕಿತು. ದಾಖಲೆಗಳಿಗೆ ರುಜು ಹಾಕಿಸಿಕೊಳ್ಳಲು ಬಂದಿದ್ದಾಗ ಅವನನ್ನು, “ಮೇಷ್ಟ್ರಾಗಬೇಕೂಂತ ಆಸೆಯೇನಯ್ಯ?” ಎಂದು ಕೇಳಿದ್ದೆ. “ಹಂಗೇನಿಲ್ಲ ಸಾರ್, ಬೇರೆ ಏನೂ ಸಿಗದಿದ್ರೆ ಇದೊಂದಿರಲಿ ಅಂತ” ಎಂದಿದ್ದ. ಹುಡುಗನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಅವನು ಒಳಗೆ, ಅವಳು ಹೊರಗೆ ಎನ್ನುವುದು ನ್ಯಾಯವೆ ಎಂಬ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಬಸ್ಸು ಹತ್ತಿತು.

ನಿಯಮವೇನೋ ಸರಳವಾಗಿದೆ. ಉಪಾಧ್ಯಾಯರ ಶಿಕ್ಷಣಕ್ಕೆಂದೇ 1993ರಲ್ಲಿ ಒಂದು ಕೇಂದ್ರ ಕಾಯಿದೆ ಆಯಿತು. ಅದರಂತೆ 1995ರಲ್ಲಿ ರಾಷ್ಟ್ರೀಯ ಮಂಡಳಿಯೊಂದು ಏರ್ಪಟ್ಟಿತು. ಬಿ.ಎಡ್. ಸೇರುವವನಿಗೆ ಪದವಿಯಲ್ಲಿ ನೂರಕ್ಕೆ 50 ಬಂದಿರಬೇಕು, ಇಂಜಿನಿಯರಿಂಗ್ ಓದಿದವನಾದರೆ 55 ಎಂದು ಆ ಮಂಡಳಿಯ 2014ರ ನಿಯಮಾವಳಿ ಗೊತ್ತುಮಾಡಿತು. ಮೀಸಲು ವರ್ಗದವರಿಗೆ ರಿಯಾಯಿತಿ ಉಂಟು. ನಮ್ಮ ರಾಜ್ಯದಲ್ಲಿ ಸರ್ಕಾರದ ಪಾಲಿನ ಸೀಟುಗಳಿಗೆ ಶಿಕ್ಷಣ ಇಲಾಖೆ ಪದವಿಯ ಅಂಕಗಳನ್ನು ನೋಡಿ ಪಟ್ಟಿ ಮಾಡುತ್ತದೆ. ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಒಂದಷ್ಟು ಪಾಲು ತೆಗೆದಿಡುತ್ತದೆ. ಉಳಿದ ಸೀಟುಗಳನ್ನು ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳು ತುಂಬಿಕೊಳ್ಳುತ್ತವೆ.

ಇದರಲ್ಲಿ ಎಲ್ಲಿಯೂ ‘ಇವನಿಗೆ ಮಕ್ಕಳನ್ನು ಕಂಡರೆ ಆಗುತ್ತದೆಯೆ?’ ಎಂಬ ಪ್ರಶ್ನೆ ಬರುವುದಿಲ್ಲ. ಅಂಕ ಹೇಳುವುದು ಇಷ್ಟೆ: ಈ ಮನುಷ್ಯ ಇಂಥ ವರ್ಷ ಮೂರು ಗಂಟೆಯ ಹೊತ್ತು ಕುಳಿತು ಕೇಳಿದ್ದಕ್ಕೆ ಉತ್ತರ ಬರೆದ. ತನಗೆ ತಿಳಿದದ್ದನ್ನು ತಿಳಿಯದವನ ಬಳಿಗೆ ಒಯ್ಯಬಲ್ಲನೆ, ಹಿಂದಿನ ಬೆಂಚಿನ ಹುಡುಗ ಒಂದೇ ತಪ್ಪನ್ನು ಹತ್ತನೆಯ ಸಲ ಮಾಡಿದಾಗ ತಾಳ್ಮೆ ಉಳಿಸಿಕೊಳ್ಳಬಲ್ಲನೆ ಎಂಬುದನ್ನು ಅಂಕಪಟ್ಟಿ ಹೇಳಲಾರದು. ಹಾಗಾದರೆ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿ ನೋಡಬಾರದೇಕೆ? ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಇದೇ. ನನಗೂ ಬಹಳ ಕಾಲ ಹಾಗೆಯೇ ತೋರುತ್ತಿತ್ತು.

ಆ ಅಭಿಪ್ರಾಯವನ್ನು ಕಳೆದುಕೊಂಡದ್ದು ಹೇಗೆಂದು ಹೇಳುವುದು ನನಗೆ ಸಂತೋಷದ ವಿಷಯವಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ತಮ್ಮ ಪಾಲಿನ ಸೀಟುಗಳಿಗೆ ಸಂದರ್ಶನ ಮಾಡಲು ನನ್ನನ್ನು ಕರೆದಿದ್ದರು. ಹಿಂದಿನ ದಿನ ನನ್ನ ಹಳೆಯ ಸ್ನೇಹಿತರೊಬ್ಬರು ದೂರವಾಣಿಯಲ್ಲಿ ಮಾತನಾಡಿ, “ನಮ್ಮ ಹುಡುಗನೊಬ್ಬ ಬರುತ್ತಾನೆ, ಸ್ವಲ್ಪ ನೋಡಿ” ಎಂದರು. ನೋಡುತ್ತೇನೆ ಎಂದೆ. ಆ ಹುಡುಗ ಬಂದ. ಶುದ್ಧವಾಗಿ, ನಿರರ್ಗಳವಾಗಿ ಮಾತನಾಡಿದ. ಅವನ ಹಿಂದೆಯೇ ಬಂದವನು ನಮ್ಮ ಸೀಮೆಯ ಮಾತಿನಲ್ಲಿ ತಡವರಿಸುತ್ತ ಉತ್ತರ ಹೇಳಿದ. ಮೊದಲನೆಯವನಿಗೆ ಹೆಚ್ಚು ಅಂಕ ಕೊಟ್ಟೆ. ಅವನ ಮಾತು ಚೆನ್ನಾಗಿತ್ತೆಂದು ಕೊಟ್ಟೆನೋ, ಸ್ನೇಹಿತರ ಮಾತಿಗಾಗಿ ಕೊಟ್ಟೆನೋ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಂದಿಗೂ ನನಗೆ ಗೊತ್ತಿಲ್ಲ. ಲಂಚ ತೆಗೆದುಕೊಂಡವನಿಗೆ ತಾನು ಲಂಚ ತೆಗೆದುಕೊಂಡೆನೆಂಬುದಾದರೂ ಗೊತ್ತಿರುತ್ತದೆ. ದಾಕ್ಷಿಣ್ಯಕ್ಕೆ ಒಳಗಾದವನಿಗೆ ಅಷ್ಟೂ ಗೊತ್ತಿರುವುದಿಲ್ಲ.

ನಮ್ಮ ಪುರಾತನರು ಶಿಷ್ಯನನ್ನು ಸೇರಿಸಿಕೊಳ್ಳುವ ಬಗ್ಗೆ ಎರಡು ಕಥೆ ಹೇಳಿದ್ದಾರೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮನೆಂಬ ಹುಡುಗ ಗೌತಮ ಋಷಿಯ ಬಳಿಗೆ ಬರುತ್ತಾನೆ. ಋಷಿ ಗೋತ್ರ ಯಾವುದೆಂದು ಕೇಳುತ್ತಾನೆ. ತನ್ನ ತಾಯಿಗೂ ಅದು ತಿಳಿಯದೆಂದು ಹುಡುಗ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಆ ನಿಜದ ಮಾತನ್ನೇ ಅರ್ಹತೆಯೆಂದು ತಿಳಿದು ಗೌತಮ ಅವನನ್ನು ಒಳಗೆ ಕರೆದುಕೊಂಡ. ಇನ್ನೊಂದು ಕಥೆ ಭಾರತದ್ದು. ಏಕಲವ್ಯ ದ್ರೋಣನ ಬಳಿಗೆ ಬಂದ. ನಿಷಾದನ ಮಗನೆಂದು ದ್ರೋಣ ಒಲ್ಲೆನೆಂದ. ಮೊದಲನೆಯ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಎರಡನೆಯದನ್ನು ನಾಚಿಕೆಯಿಂದ. ಆದರೆ ಎರಡು ಕಡೆಯೂ ಪದ್ಧತಿ ಒಂದೇ ಎಂಬುದನ್ನು ಮರೆಯುತ್ತೇವೆ. ಬಾಗಿಲಲ್ಲಿ ಒಬ್ಬ ಗುರು ಕುಳಿತಿದ್ದಾನೆ. ಅವನಿಗೆ ತೋರಿದ್ದೇ ತೀರ್ಮಾನ. ಕುಳಿತವನು ಗೌತಮನಾದರೆ ಸತ್ಯಕಾಮ ಒಳಗೆ ಬರುತ್ತಾನೆ, ದ್ರೋಣನಾದರೆ ಏಕಲವ್ಯ ಹೊರಗೆ ಹೋಗುತ್ತಾನೆ. ನಿಯಮಗಳು ಹುಟ್ಟಿದ್ದು ಗೌತಮರಿಗಾಗಿ ಅಲ್ಲ; ನನ್ನಂಥ ದುರ್ಬಲರು ಆ ಪೀಠದಲ್ಲಿ ಕುಳಿತಾಗ ಅಭ್ಯರ್ಥಿಗಳನ್ನು ಕಾಪಾಡುವುದಕ್ಕಾಗಿ. ಅಂಕಪಟ್ಟಿ ಕುರುಡು ನಿಜ. ಆದರೆ ಯಾರ ಮಗ, ಯಾವ ಜಾತಿ, ಯಾರ ಕಡೆಯವನು ಎಂಬುದಕ್ಕೂ ಅದು ಕುರುಡು.

ಫಿನ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಲು ಬರುವವರಿಗೆ ಲಿಖಿತ ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ಮಾಡಿ, ಬಂದವರಲ್ಲಿ ಕೆಲವರನ್ನೇ ಆರಿಸುತ್ತಾರೆ, ನಾವೂ ಹಾಗೆ ಮಾಡಬಾರದೇಕೆ ಎನ್ನುವವರುಂಟು. ಆರಿಸುವವನ ಮೇಲೆ ಜನಕ್ಕೆ ನಂಬಿಕೆಯಿರುವ ಕಡೆ ಅದು ನಡೆಯುತ್ತದೆ. ನಂಬಿಕೆಯನ್ನು ಮೊದಲು ಸಂಪಾದಿಸದೆ ಪದ್ಧತಿಯನ್ನು ಮಾತ್ರ ತಂದರೆ, ಸಂದರ್ಶನದ ಕೊಠಡಿಯ ಹೊರಗೆ ಶಿಫಾರಸಿನವರ ಸಾಲು ನಿಲ್ಲುತ್ತದೆ.

ಹಾಗೆಂದು ಅಂಕವನ್ನು ನಂಬಿ ನೆಮ್ಮದಿಯಾಗಿರುವಂತೆಯೂ ಇಲ್ಲ. ಇಷ್ಟು ಹೊತ್ತು ನಾವು ಯೋಚಿಸಿದ್ದೆಲ್ಲ ಅಭ್ಯರ್ಥಿಗೆ ಸಲ್ಲಬೇಕಾದ ನ್ಯಾಯವನ್ನು ಕುರಿತು. ರೈಲಿನ ಸೀಟನ್ನೋ ನಿವೇಶನವನ್ನೋ ಹಂಚುವಾಗ ಅಷ್ಟು ಸಾಕು, ಪಡೆದವನೇ ಅನುಭವಿಸುವವನು. ಉಪಾಧ್ಯಾಯ ಶಿಕ್ಷಣದ ಸೀಟು ಅಂಥದಲ್ಲ. ಅದನ್ನು ಪಡೆದವನು ಮೂವತ್ತು ವರ್ಷ ಕೆಲಸ ಮಾಡಿದರೆ ಸಾವಿರಾರು ಮಕ್ಕಳು ಅವನ ಮುಂದೆ ಕೂರಬೇಕು. ಅವರಲ್ಲಿ ಹೆಚ್ಚಿನವರು ಇನ್ನೂ ಹುಟ್ಟಿಯೇ ಇಲ್ಲ. ಸೀಟು ಹಂಚುವ ದಿನ ಅವರ ಪರವಾಗಿ ಕೈಯೆತ್ತುವವರು ಯಾರೂ ಇರುವುದಿಲ್ಲ. ಆ ಹಂಚಿಕೆಯಲ್ಲಿ ದೊಡ್ಡ ಪಾಲುದಾರನೇ ಗೈರುಹಾಜರು.

ಈ ಪಾಲುದಾರನನ್ನು ನೆನಪಿಟ್ಟುಕೊಂಡರೆ ಕೆಲವು ಹಳೆಯ ವಾದಗಳು ಬೇರೆಯಾಗಿ ಕಾಣುತ್ತವೆ. ಗ್ರಾಮೀಣರಿಗೂ ಕನ್ನಡ ಮಾಧ್ಯಮದವರಿಗೂ ಪಾಲು ಕೊಡುವುದನ್ನು ನಗರದ ನಮ್ಮ ಸ್ನೇಹಿತರು ದಯೆ ಎಂದು ತಿಳಿಯುತ್ತಾರೆ, ಕೆಲವೊಮ್ಮೆ ಅನ್ಯಾಯವೆಂದೂ ತಿಳಿಯುತ್ತಾರೆ. ಆದರೆ ರಾಗಿಯ ಕೊಯ್ಲಿನ ಕಾಲದಲ್ಲಿ ಹುಡುಗ ಶಾಲೆಗೆ ಏಕೆ ಬರಲಿಲ್ಲವೆಂದು ಕೇಳದೆಯೇ ಬಲ್ಲ ಮೇಷ್ಟ್ರು, ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ಬರುವ ದಾರಿಯನ್ನು ತಾನೇ ನಡೆದು ಕಂಡ ಮೇಷ್ಟ್ರು ಬೆಳ್ಳೂರಿನ ಮಗುವಿಗೆ ಬೇಕು. ಅದು ಅಭ್ಯರ್ಥಿಗೆ ತೋರಿಸುವ ಕರುಣೆಯಲ್ಲ, ಮಗುವಿಗೆ ಸಲ್ಲಬೇಕಾದ ಬಾಕಿ. ಹಳ್ಳಿಯಲ್ಲಿ ಓದಿದವನು ಕೆಲಸ ಸಿಕ್ಕ ಮೇಲೆ ಮೈಸೂರಿಗೋ ಬೆಂಗಳೂರಿಗೋ ವರ್ಗಕ್ಕೆ ಅರ್ಜಿ ಹಾಕಬಹುದೆಂಬ ಮಾತೂ ನಿಜವೇ. ಆದರೆ ಆ ಕಾರಣಕ್ಕೆ ಬಾಕಿ ತೀರಿದಂತಾಗುವುದಿಲ್ಲ.

11 ಆಗಸ್ಟ್ 2023ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದು ಇಲ್ಲಿ ನೆನಪಾಗುತ್ತದೆ. ಬಿ.ಎಡ್. ಆದವರೂ ಪ್ರಾಥಮಿಕ ಶಾಲೆಯ ಹುದ್ದೆಗೆ ಅರ್ಹರೆಂದು ರಾಷ್ಟ್ರೀಯ ಮಂಡಳಿ 2018ರಲ್ಲಿ ಹೊರಡಿಸಿದ್ದ ಅಧಿಸೂಚನೆ ನಿಲ್ಲದೆಂದು ನ್ಯಾಯಾಲಯ ಹೇಳಿತು. ಎಳೆಯ ಮಕ್ಕಳಿಗೆ ಕಲಿಸುವುದಕ್ಕೆ ಬೇರೆಯೇ ಆದ ತರಬೇತಿ ಬೇಕು, ಶಿಕ್ಷಣದ ಹಕ್ಕೆಂದರೆ ಗುಣವುಳ್ಳ ಶಿಕ್ಷಣದ ಹಕ್ಕು ಎಂಬುದು ಅದರ ತಾತ್ಪರ್ಯ. ಕೆಲಸಕ್ಕಾಗಿ ಕಾದಿದ್ದ ಎಷ್ಟೋ ಯುವಕರಿಗೆ ಇದು ನೋವಿನ ತೀರ್ಪು. ಆದರೂ ಗೈರುಹಾಜರಾದ ಮಗುವಿನ ಹೆಸರನ್ನು ಅಲ್ಲಿ ಒಬ್ಬರು ಕೂಗಿದರು.

ಇನ್ನು ದುಡ್ಡಿನ ಸೀಟು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯನ್ನು ಆಧರಿಸಿ, ದೇಶದ ಹತ್ತು ಸಾವಿರಕ್ಕೂ ಹೆಚ್ಚಿನ ಬಿಡಿ ಉಪಾಧ್ಯಾಯ ಶಿಕ್ಷಣ ಸಂಸ್ಥೆಗಳಲ್ಲಿ ಬಹುಪಾಲು ಪದವಿಯನ್ನು ಬೆಲೆಗೆ ಮಾರುತ್ತಿವೆಯೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಿತು. ಅಂಕದ ಪಟ್ಟಿಯಾದರೋ ಕುರುಡು. ಇದು ಕಣ್ಣು ತೆರೆದೇ ಜೇಬನ್ನು ನೋಡುವ ವ್ಯವಸ್ಥೆ. ತರಗತಿಗೆ ಬಾರದೆ ಪ್ರಮಾಣಪತ್ರ ಪಡೆದವನು ನಾಳೆ ಮಕ್ಕಳಿಗೆ ಹಾಜರಿ ಕೂಗುತ್ತಾನೆ. ಆಗ ಅವನ ದನಿ ನಡುಗುವುದಿಲ್ಲವೆ?

ಹಾಗಾದರೆ ಮಾಡುವುದೇನು? ಬಾಗಿಲಲ್ಲಿ ಅಂಕವೇ ಇರಲಿ. ಆದರೆ ಬಾಗಿಲು ದಾಟಿದ್ದೇ ಆಯ್ಕೆಯ ಕೊನೆ ಎಂದು ತಿಳಿಯುವುದು ಬೇಡ. ‘ರಂಗಣ್ಣನ ಕನಸಿನ ದಿನಗಳು’ ಓದಿದವರಿಗೆ ಗೊತ್ತು: ಎಂ.ಆರ್. ಶ್ರೀನಿವಾಸಮೂರ್ತಿಗಳ ಆ ಇನ್‌ಸ್ಪೆಕ್ಟರು ಶಾಲೆಶಾಲೆಗೂ ಹೋಗಿ ಮೇಷ್ಟ್ರುಗಳನ್ನು ಅವರ ಕೆಲಸದ ನಡುವೆ ಕಂಡವರು. ಮೇಷ್ಟ್ರು ಎಂಥವನೆಂಬುದು ಮಕ್ಕಳ ಮುಂದೆ ನಿಂತಾಗ ತಿಳಿಯುತ್ತದೆ, ಬೇರೆಲ್ಲೂ ಅಲ್ಲ. 2014ರ ನಿಯಮಾವಳಿ ಒಂದು ವರ್ಷದ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಬೆಳೆಸಿ, ಶಾಲೆಯಲ್ಲಿ 20 ವಾರದ ಅಭ್ಯಾಸವಿರಬೇಕೆಂದಿತು. ಅದರಲ್ಲಿ ಮೊದಲ ವರ್ಷಕ್ಕೆ ಇಟ್ಟದ್ದು 4 ವಾರ, ಎರಡನೆಯ ವರ್ಷಕ್ಕೆ 16 ವಾರ. ಅಂದರೆ ಈ ಕೆಲಸ ತನಗೆ ಒಗ್ಗದೆಂದು ಅಭ್ಯರ್ಥಿಗೆ ಚೆನ್ನಾಗಿ ಮನವರಿಕೆಯಾಗುವ ಹೊತ್ತಿಗೆ ಫೀಸು ಕಟ್ಟಿಯಾಗಿದೆ, ವರ್ಷ ಕಳೆದಿದೆ, ಹಿಂದಿರುಗುವ ದಾರಿ ಮುಚ್ಚಿದೆ.

ಈ ಕ್ರಮವನ್ನು ತಿರುಗಿಸಬಾರದೆ? ಸೇರಿದ ಮೊದಲ ತಿಂಗಳುಗಳಲ್ಲೇ ಅಭ್ಯರ್ಥಿಯನ್ನು ಶಾಲೆಗೆ ಕಳುಹಿಸಲಿ. ಅವನ ಪಾಠವನ್ನು ಕಾಲೇಜಿನವರೂ ಆ ಶಾಲೆಯ ಅನುಭವಸ್ಥ ಮೇಷ್ಟ್ರೂ ಹಲವು ಸಲ ನೋಡಲಿ. ಕಂಡದ್ದನ್ನು ಬರೆದಿಟ್ಟು ಅವನಿಗೂ ತೋರಿಸಲಿ. ಬೇಡವೆನಿಸಿದವನು ಕಟ್ಟಿದ ಹಣವನ್ನು ವಾಪಸು ಪಡೆದು ಮರ್ಯಾದೆಯಿಂದ ಹೋಗಲಿ. ಆ ಜಾಗಕ್ಕೆ ಪಟ್ಟಿಯಲ್ಲಿ ಮುಂದಿನವನನ್ನು ಕರೆಯಲಿ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಪದವಿಯನ್ನೂ ಉಪಾಧ್ಯಾಯ ಶಿಕ್ಷಣವನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸುವ ದಾರಿಯನ್ನು ಆಗಲೇ ಹಿಡಿದಿತ್ತು. ತನ್ನನ್ನು ತಾನು ಅರಿಯಲು ವಿದ್ಯಾರ್ಥಿಗೆ ವೇಳೆ ಕೊಡಬೇಕೆಂಬ ವಿಚಾರ ನಮಗೆ ಹೊಸದೇನಲ್ಲ.

ಇಲ್ಲಿಯೂ ದ್ರೋಣ ಬಂದು ಕೂರುವುದಿಲ್ಲವೆ ಎಂದು ಓದುಗರು ಕೇಳಬಹುದು. ಬರುತ್ತಾನೆ. ಆದರೆ ಹತ್ತು ನಿಮಿಷದ ಮಾತಿಗೂ ಹಲವು ವಾರದ ಕೆಲಸಕ್ಕೂ, ಒಬ್ಬನ ಕಣ್ಣಿಗೂ ನಾಲ್ವರ ಕಣ್ಣಿಗೂ ವ್ಯತ್ಯಾಸವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ತೀರ್ಪು ಕೊಡುವವರಲ್ಲಿ ಅಭ್ಯರ್ಥಿಯೂ ಒಬ್ಬ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಾನೂ ಬ್ಯಾಂಕಿನ ಪರೀಕ್ಷೆಯಲ್ಲಿ ಎರಡು ಸಲ ಸೋತ ಮೇಲೆ, ಬೇರೇನೂ ಸಿಗದೆ ಮೇಷ್ಟ್ರಾದವನು. ಪ್ರೀತಿ ಆಮೇಲೆ ಬಂತು, ತರಗತಿಯಲ್ಲಿ. ಆದ್ದರಿಂದ 84 ಅಂಕದ ಆ ಹುಡುಗನನ್ನು ಹೊರಗೆ ಹಾಕಿರೆಂದು ನಾನು ಹೇಳಲಾರೆ. ಮಕ್ಕಳ ಮುಂದೆ ನಿಂತ ದಿನ ಅವನಿಗೂ ಅದು ಬರಬಹುದು. ಬಾರದಿದ್ದರೆ ಬಾರದೆಂದು ಹೇಳಿ ಹೊರಡುವುದಕ್ಕೆ ಅವನಿಗೊಂದು ಬಾಗಿಲಿರಬೇಕು. ಆ ಬಾಗಿಲಿನಿಂದ ಒಳಗೆ ಬರಲು ಬೆಳ್ಳೂರಿನ ಕಡೆಯ ಆ ಹುಡುಗಿಗೆ ಅವಕಾಶವಿರಬೇಕು.

ಬಸ್ಸು ಬಂದಾಗ ಅವಳಿಗೆ, “ಮುಂದಿನ ವರ್ಷ ಮತ್ತೆ ಅರ್ಜಿ ಹಾಕಮ್ಮ” ಎಂದೆ. “ಹಾಕ್ತೀನಿ ಸಾರ್” ಎಂದವಳು, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಬೇಗ ಬೇಗ ಹೊರಟಳು. ಜಗಲಿಯ ಮೇಲೆ ಮಕ್ಕಳು ಕಾಯುತ್ತಿರುತ್ತಾರಂತೆ.