ಸತ್ತವರ ಹೆಸರಿನಲ್ಲಿ

1990ರ ಮಾರ್ಚ್ 24ರಂದು ಶ್ರೀಲಂಕೆಯ ಟ್ರಿಂಕೋಮಲಿ ಬಂದರಿನಲ್ಲಿ ಭಾರತದ ಶಾಂತಿಪಾಲನಾ ಪಡೆಯ ಕೊನೆಯ ಸೈನಿಕರು ಹಡಗು ಹತ್ತಿದರು. ಎರಡು ವರ್ಷ ಎಂಟು ತಿಂಗಳ ಹಿಂದೆ ಇದೇ ಪಡೆಯ ಮೊದಲ ತುಕಡಿಗಳು ಜಾಫ್ನಾಕ್ಕೆ ಬಂದಿಳಿದಾಗ ಅಲ್ಲಿನ ತಮಿಳರು ಹಾರ ಹಾಕಿ ಬರಮಾಡಿಕೊಂಡಿದ್ದರು. ಈಗ ಕೊಲಂಬೊ ಹೋಗಿ ಎನ್ನುತ್ತಿತ್ತು, ತಮಿಳು ಬಂಡುಕೋರರಾದ ಎಲ್‌ಟಿಟಿಇ ಹುಲಿಗಳು ಹೋಗಿ ಎನ್ನುತ್ತಿದ್ದರು, ದೆಹಲಿಯ ಹೊಸ ಸರ್ಕಾರ ಬನ್ನಿ ಎನ್ನುತ್ತಿತ್ತು. ಈಚೆ ದಡದ ಮದರಾಸಿನಲ್ಲಿ ಅವರನ್ನು ಎದುರುಗೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ತಮಿಳರ ರಕ್ತ ಹರಿಸಿದ ಪಡೆಗೆ ತಮಿಳುನಾಡು ಸ್ವಾಗತ ಕೋರುವುದು ಹೇಗೆ ಎಂಬುದು ಅವರ ನಿಲುವು. ಆ ನಿಲುವಿನ ಹಿಂದೆ ನೋವಿತ್ತು. ಹಡಗಿನಿಂದ ಇಳಿದವರ ಎದೆಯಲ್ಲೂ ನೋವಿತ್ತು. ಅವರ ಜೊತೆ ಹೋದವರಲ್ಲಿ ಸುಮಾರು 1,200 ಮಂದಿ ಹಿಂದಿರುಗಿರಲಿಲ್ಲ.

ಇನ್ನೂ ಮುಗಿಯದ ಯುದ್ಧವೊಂದನ್ನು ಪರದೇಶದ ನೆಲದಲ್ಲಿ ಬಿಟ್ಟು ಬರುವುದು ಸರಿಯೋ, ಇದ್ದು ಮುಗಿಸುವುದು ಸರಿಯೋ? ಈ ಪ್ರಶ್ನೆ ಎದ್ದಾಗಲೆಲ್ಲ ನಮಗೆ ಅಮೆರಿಕ ನೆನಪಾಗುತ್ತದೆ, ಸೈಗಾನ್ ನೆನಪಾಗುತ್ತದೆ, ಕಾಬೂಲಿನ ವಿಮಾನಕ್ಕೆ ಜೋತುಬಿದ್ದವರು ನೆನಪಾಗುತ್ತಾರೆ. ನಮ್ಮದೇ ದೇಶ ಈ ಪ್ರಶ್ನೆಯನ್ನು ಒಮ್ಮೆ ಎದುರಿಸಿತ್ತು, ಉತ್ತರಕ್ಕೆ ಬೆಲೆ ತೆತ್ತಿತ್ತು ಎಂಬುದು ಮಾತ್ರ ಬೇಗ ಮರೆತುಹೋಯಿತು. ಗೆದ್ದ ಯುದ್ಧಗಳಿಗೆ ವಾರ್ಷಿಕ ದಿನಗಳಿರುತ್ತವೆ. ಹಿಂದಿರುಗಿದ ಯುದ್ಧಗಳಿಗೆ ಹಿಂದಿರುಗಿದವರು ಮಾತ್ರ ಇರುತ್ತಾರೆ, ಅವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ.

ಕಥೆ ಸುಲಭದ್ದಲ್ಲ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆದ ಮೇಲೆ ಭಾರತ ಅಲ್ಲಿನ ತಮಿಳು ಯುವಕರಿಗೆ ತನ್ನ ನೆಲದಲ್ಲಿ ಶಸ್ತ್ರಾಭ್ಯಾಸ ಕೊಟ್ಟಿತು. 1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು: ಬಂಡುಕೋರರು ಆಯುಧ ಒಪ್ಪಿಸಬೇಕು, ತಮಿಳರಿಗೆ ಪ್ರಾಂತೀಯ ಸರ್ಕಾರ ಸಿಗಬೇಕು. ಮರುದಿನವೇ ಗೌರವ ವಂದನೆಯ ಸಾಲಿನಲ್ಲಿದ್ದ ನೌಕಾಪಡೆಯ ಯುವಕನೊಬ್ಬ ರಾಜೀವರ ಮೇಲೆ ಬಂದೂಕಿನ ಹಿಡಿ ಬೀಸಿದ. ಆಯುಧ ಒಪ್ಪಿಸಿಕೊಳ್ಳಲು ಹೋದ ಪಡೆ ಅಕ್ಟೋಬರ್ ಹೊತ್ತಿಗೆ ಆಯುಧ ಎತ್ತಿತ್ತು, ಅದೂ ತನ್ನ ದೇಶವೇ ಪಳಗಿಸಿದ ಕೈಗಳ ವಿರುದ್ಧ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಆ ತಿಂಗಳ ಒಂದು ರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಯೋಧರಲ್ಲಿ ಬದುಕುಳಿದವನು ಒಬ್ಬ, ಅವನೂ ಸೆರೆಯಾಳಾಗಿ. ಕೆಲವೇ ದಿನಗಳಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಕೊನೆಗೆ ನಾಲ್ಕು ಡಿವಿಷನ್‌ಗಳು ಬೇಕಾದವು. ಅವೂ ಸಾಲಲಿಲ್ಲ.

1989ರ ಜನವರಿಯಲ್ಲಿ ಶ್ರೀಲಂಕೆಯ ಅಧ್ಯಕ್ಷರಾದ ಪ್ರೇಮದಾಸ ಜೂನ್ ತಿಂಗಳಲ್ಲಿ ಬಹಿರಂಗವಾಗಿಯೇ ಹೇಳಿದರು: ಜುಲೈ ಮುಗಿಯುವುದರೊಳಗೆ ಭಾರತದ ಸೈನ್ಯ ಹೊರಡಬೇಕು. ದ್ವೀಪದ ದಕ್ಷಿಣದಲ್ಲಿ ಸಿಂಹಳ ಎಡಪಂಥೀಯ ಪಕ್ಷವಾದ ಜೆವಿಪಿಯ ಬಂಡಾಯ ಆ ಸೈನ್ಯದ ಮೇಲಿನ ಸಿಟ್ಟನ್ನು ಉಂಡು ಬೆಳೆಯುತ್ತಿತ್ತು. ದೆಹಲಿಯ ಉತ್ತರಕ್ಕೂ ಆಧಾರವಿತ್ತು. ಒಪ್ಪಂದದ ಮಾತು ಉಳಿಯಬೇಕು, ತಮಿಳರ ರಕ್ಷಣೆಗೆ ಭರವಸೆ ಬೇಕು, ಪ್ರಾಂತೀಯ ಸರ್ಕಾರ ಕಾಲೂರಬೇಕು. ಇವೆಲ್ಲ ಕಾಗದದ ಮೇಲೆ ಬರೆಯಬಹುದಾದ ಕಾರಣಗಳು. ಕಾಗದಕ್ಕಿಳಿಯದ, ಆದರೆ ಎಲ್ಲಕ್ಕಿಂತ ಭಾರವಾದ ಕಾರಣ ಇನ್ನೊಂದಿರುತ್ತದೆ. ಇಷ್ಟು ಮಂದಿ ಸತ್ತ ಮೇಲೆ ಬರಿಗೈಯಲ್ಲಿ ಮರಳಿದರೆ ಅವರ ಸಾವಿಗೆ ಏನು ಅರ್ಥ?

ಈ ಮಾತಿನ ಎದುರು ನಾನು ತುಸು ಹೊತ್ತು ನಿಲ್ಲಬೇಕು. ಇದನ್ನು ಲೆಕ್ಕಾಚಾರದ ತಪ್ಪೆಂದು ತಳ್ಳಿಹಾಕುವವರಿದ್ದಾರೆ. ಕಳೆದದ್ದು ಕಳೆಯಿತು, ಮುಂದಿನದನ್ನು ಮಾತ್ರ ತೂಗಿ ಎನ್ನುತ್ತಾರೆ. ವ್ಯಾಪಾರದಲ್ಲಿ ಅದು ಸರಿಯಿರಬಹುದು. ಆದರೆ ಮಗನ ಪೆಟ್ಟಿಗೆ ಮನೆಗೆ ಬಂದ ತಾಯಿ ಕೇಳುವ ಪ್ರಶ್ನೆ ಲೆಕ್ಕದ್ದಲ್ಲ, ಅವಳಿಗೆ ಕೊಡಬೇಕಾದ ಉತ್ತರವೂ ಲೆಕ್ಕದ್ದಲ್ಲ. ಸತ್ತವರಿಗೆ ಬದುಕಿರುವವರು ಋಣಿಗಳು ಎಂಬ ಭಾವ ಮನುಷ್ಯನಲ್ಲಿ ಇಲ್ಲದೆಹೋದರೆ ಅವನು ಮನುಷ್ಯನಾಗಿ ಉಳಿಯುವುದು ಕಷ್ಟ. ಋಣ ಇದೆ, ಒಪ್ಪೋಣ. ಅದು ತೀರುವುದು ಇನ್ನಷ್ಟು ಸಾವುಗಳಿಂದಲೇ?

ಹತ್ತನೆಯ ಶತಮಾನದ ರನ್ನ ತನ್ನ ಗದಾಯುದ್ಧದಲ್ಲಿ ಈ ಪ್ರಶ್ನೆಯನ್ನು ಕುರುಕ್ಷೇತ್ರದ ಕೊನೆಯ ಗಳಿಗೆಯಲ್ಲಿ ತಂದು ನಿಲ್ಲಿಸುತ್ತಾನೆ. ಸೈನ್ಯವೆಲ್ಲ ಅಳಿದಿದೆ. ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನನ್ನು ಕಾಣುತ್ತಾನೆ, ದುಶ್ಶಾಸನನನ್ನು ಕಾಣುತ್ತಾನೆ, ಕರ್ಣನನ್ನು ಕಾಣುತ್ತಾನೆ, ಶತ್ರುಪಕ್ಷದ ಬಾಲಕ ಅಭಿಮನ್ಯುವನ್ನೂ ಕಂಡು ಕೈಮುಗಿಯುತ್ತಾನೆ. ಶರಶಯ್ಯೆಯ ಭೀಷ್ಮ ಈಗಲಾದರೂ ಸಂಧಿ ಮಾಡಿಕೋ ಎನ್ನುತ್ತಾನೆ. ರಾಜ್ಯದ ಆಸೆ ದುರ್ಯೋಧನನಲ್ಲಿ ಆಗಲೇ ಬತ್ತಿದೆ, ಗೆದ್ದರೂ ಜೊತೆಗೆ ಕುಳಿತು ಉಣ್ಣುವವರಿಲ್ಲ. ಆದರೂ ಅವನು ಒಪ್ಪುವುದಿಲ್ಲ. ಗೆಳೆಯನೂ ತಮ್ಮನೂ ಹೋದ ಮೇಲೆ ಕೊಂದವರೊಡನೆ ಕೂಡಿ ಬಾಳುವುದು ಅವರಿಗೆ ಬಗೆಯುವ ದ್ರೋಹವೆಂದು ಅವನಿಗೆ ತೋರುತ್ತದೆ. ಕನ್ನಡಿಗರು ಸಾವಿರ ವರ್ಷದಿಂದ ಈ ದುರ್ಯೋಧನನನ್ನು ಮೆಚ್ಚಿದ್ದೇವೆ. ಅವನ ಛಲಕ್ಕೆ ಕಣ್ಣೀರು ಹಾಕಿದ್ದೇವೆ. ಆದರೆ ರನ್ನ ನಮಗೆ ಇನ್ನೊಂದನ್ನೂ ತೋರಿಸಿದ್ದಾನೆ, ನಾವು ಅದನ್ನು ಅಷ್ಟಾಗಿ ನೋಡಿಲ್ಲ. ಆ ಛಲಕ್ಕೆ ಬೆಲೆ ತೆರಲು ಅವನ ಬಳಿ ಉಳಿದಿದ್ದದ್ದು ಅವನದೇ ತೊಡೆಗಳು. ನಮ್ಮ ಕಾಲದ ಆಳುವವರು ಇದೇ ಛಲ ಹಿಡಿದಾಗ ಮುರಿಯುವ ತೊಡೆಗಳು ಬೇರೆಯವರವು.

ಅಮೆರಿಕದ ನಿಕ್ಸನ್ 1969ರಲ್ಲಿ ಅಧಿಕಾರಕ್ಕೆ ಬಂದಾಗ ವಿಯೆಟ್ನಾಂ ಬಿಡಬೇಕೆಂಬುದು ಬಹುಮಟ್ಟಿಗೆ ನಿಶ್ಚಯವಾಗಿತ್ತು. ಮರ್ಯಾದೆಯಿಂದ ಬಿಡಬೇಕೆಂಬುದು ಷರತ್ತು. ಆ ಮರ್ಯಾದೆಗೆ ನಾಲ್ಕು ವರ್ಷ ಹಿಡಿಯಿತು, 20,000ಕ್ಕೂ ಹೆಚ್ಚು ಅಮೆರಿಕನ್ನರ ಜೀವ ಹಿಡಿಯಿತು, ಎಣಿಕೆಗೆ ಸರಿಯಾಗಿ ಸಿಗದಷ್ಟು ವಿಯೆಟ್ನಾಮೀಯರ ಜೀವ ಹಿಡಿಯಿತು. 1975ರ ಏಪ್ರಿಲ್‌ನಲ್ಲಿ ಸೈಗಾನ್ ಬಿದ್ದಾಗ ಆ ಮರ್ಯಾದೆಗೆ ಎರಡು ವರ್ಷ ಮೂರು ತಿಂಗಳು ತುಂಬಿತ್ತು.

ಸಾವಿನ ಬೆಲೆ ಯುದ್ಧದ ಫಲದಲ್ಲಿದೆ ಎಂದು ಒಪ್ಪಿದರೆ ಏನಾಗುತ್ತದೆ ನೋಡೋಣ. 1990ರಲ್ಲಿ ಜಾಫ್ನಾ ಹುಲಿಗಳ ಕೈಗೆ ಹೋಯಿತು, ಆದ್ದರಿಂದ 1,200 ಮಂದಿಯ ಸಾವು ವ್ಯರ್ಥ. ಆದರೆ ಒಪ್ಪಂದದಿಂದ ಹುಟ್ಟಿದ, ಪ್ರಾಂತ್ಯಗಳಿಗೆ ಮಂಡಳಿ ಕೊಟ್ಟ 13ನೆಯ ತಿದ್ದುಪಡಿ ಲಂಕೆಯ ಸಂವಿಧಾನದಲ್ಲಿ ಉಳಿಯಿತು, ಆದ್ದರಿಂದ ಪೂರಾ ವ್ಯರ್ಥವಲ್ಲ. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಂದದಂತೆ ಆಗಿದ್ದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ವಿಲೀನವನ್ನು ರದ್ದು ಮಾಡಿತು, ಬೆಲೆ ಇಳಿಯಿತು. 2013ರಲ್ಲಿ ಉತ್ತರದ ತಮಿಳರು ಮೊದಲ ಬಾರಿಗೆ ತಮ್ಮ ಪ್ರಾಂತೀಯ ಮಂಡಳಿಗೆ ಮತ ಹಾಕಿದರು, ಬೆಲೆ ಏರಿತು. ಹೀಗೆ ಏರಿ ಇಳಿಯುವುದು ಒಬ್ಬ ಹವಾಲ್ದಾರನ ಜೀವದ ಬೆಲೆಯಾಗಬಲ್ಲದೇ? ಅವನು ಬಿದ್ದ ಗಳಿಗೆಯಲ್ಲಿ ಅವನಲ್ಲಿದ್ದದ್ದು ಧೈರ್ಯವೋ ಭಯವೋ, ಪಕ್ಕದವನ ಮೇಲಿನ ಪ್ರೀತಿಯೋ, ಅದು ಅಲ್ಲೇ ಪೂರ್ಣವಾಯಿತು. ಮುಂದಿನ ಮೂವತ್ತು ವರ್ಷಗಳ ರಾಜಕಾರಣ ಅದಕ್ಕೆ ಏನನ್ನೂ ಕೂಡಿಸಲಾರದು, ಅದರಿಂದ ಏನನ್ನೂ ಕಳೆಯಲಾರದು.

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯ ಬುಟ್ಟಣಸೆಟ್ಟಿ ಎಂಬವನು ಸತ್ತನೆಂದು ಅದು ಹೇಳುತ್ತದೆ. ಅದರ ಮುಂದೆ ನಿಂತವರಲ್ಲಿ ಹೆಚ್ಚಿನವರು ಊರಿನ ಹೆಸರು ಅಷ್ಟು ಹಳೆಯದು ಎಂದು ಬೆರಗಾಗುತ್ತಾರೆ. ಸತ್ತವನ ಬಗ್ಗೆ ಕೇಳುವವರು ಕಡಿಮೆ. ಆ ಕಾಳಗದಲ್ಲಿ ಯಾರು ಗೆದ್ದರು, ಗೆದ್ದು ಏನನ್ನು ಉಳಿಸಿಕೊಂಡರು ಎಂಬುದು ಇಂದು ಯಾರಿಗೂ ಬೇಕಿಲ್ಲ. ನಮ್ಮ ಹೊಲಬದುಗಳಲ್ಲಿ ನಿಂತ ನೂರಾರು ವೀರಗಲ್ಲುಗಳದ್ದೂ ಇದೇ ಕಥೆ. ಮೇಲೆ ಸೂರ್ಯ ಚಂದ್ರರನ್ನು ಕೆತ್ತಿ ಆಚಂದ್ರಾರ್ಕ ನಿಲ್ಲಲಿ ಎಂದು ಹಾರೈಸಿದವು ಎಷ್ಟೋ ಕಡೆ ಮೆಟ್ಟಿಲಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ. ತುರು ಮರಳಿಸಲು ಹೋಗಿ ಸತ್ತವನ ಹೆಸರು ಸವೆದಿದೆ, ತುರುಗಳೂ ಇಲ್ಲ, ಅವನ್ನು ಕದ್ದ ಊರೂ ಇಲ್ಲ. ಆದರೂ ಆ ಕಲ್ಲುಗಳ ಒಂದು ಗುಣ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುತ್ತದೆ. ಸತ್ತವನು ಗೆದ್ದ ಪಕ್ಷದವನೋ ಸೋತ ಪಕ್ಷದವನೋ ಎಂದು ಹಲವು ಕಲ್ಲುಗಳು ಹೇಳುವುದೇ ಇಲ್ಲ. ಕಾದಿದ, ಬಿದ್ದ. ಕಲ್ಲು ನಿಲ್ಲಿಸಿದವರಿಗೆ ಅಷ್ಟು ಸಾಕಾಗಿತ್ತು.

ನಮಗೆ ಅಷ್ಟು ಸಾಕಾಗಲಿಲ್ಲ. ಹೋಗಿ ಎಂದ ಶ್ರೀಲಂಕೆಯೇ ಕೊಲಂಬೊ ಬಳಿ, ತನ್ನ ಸಂಸತ್ತಿನ ಹತ್ತಿರ, ಭಾರತದ ಆ ಯೋಧರ ಹೆಸರುಗಳನ್ನು ಕಪ್ಪು ಕಲ್ಲಿನಲ್ಲಿ ಕೊರೆಸಿತು. 2008ರಲ್ಲಿ ಆ ಸ್ಮಾರಕ ಸಿದ್ಧವಾಯಿತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರಲ್ಲಿ. ಇನ್ನು ಎಲ್ಲೂ ನಾವು ಕೊರೆಯದ ಹೆಸರುಗಳೂ ಇವೆ. 1987ರ ದೀಪಾವಳಿಯ ದಿನ ಜಾಫ್ನಾದ ಆಸ್ಪತ್ರೆಯೊಳಗೆ ನಮ್ಮವರ ಗುಂಡಿಗೆ ಬಲಿಯಾದ ವೈದ್ಯರು, ದಾದಿಯರು, ರೋಗಿಗಳು. ನೆನಪು ಕೂಡ ಪಕ್ಷ ವಹಿಸುತ್ತದೆ. ತನ್ನವರನ್ನು ತಡವಾಗಿಯಾದರೂ ಎತ್ತಿಕೊಳ್ಳುತ್ತದೆ, ತಾನು ಕೊಂದವರನ್ನು ದಾರಿಯಲ್ಲೇ ಬಿಡುತ್ತದೆ.

ಹಾಗಾದರೆ ಹಿಂದಿರುಗಿದ್ದು ಸರಿಯೇ? ಸರಿ ಎಂದೇ ನನ್ನ ಎಣಿಕೆ. ಆದರೆ ಆ ಮಾತನ್ನು ಹಗುರಾಗಿ ಹೇಳಲಾರೆ. ಉಳಿಯುವುದರಲ್ಲಿ ಸತ್ತವರ ನೆವವಿದ್ದರೆ, ಹೊರಡುವುದರಲ್ಲಿ ಬದುಕಿರುವವರ ಮರೆವಿರುತ್ತದೆ. ಭಾರತದ ಆಸರೆಯಲ್ಲಿ ಉತ್ತರ ಪೂರ್ವ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದ ವರದರಾಜ ಪೆರುಮಾಳ್ ಸಮುದ್ರ ದಾಟಿ ಪಾರಾದರು. ಅವರ ಸರ್ಕಾರದ ಕಾವಲಿಗೆಂದು ಕಟ್ಟಿದ ತಮಿಳು ರಾಷ್ಟ್ರೀಯ ಸೇನೆಯಲ್ಲಿ ಬಲವಂತವಾಗಿ ಹಿಡಿದು ತಂದ ಹುಡುಗರೂ ಇದ್ದರು. ನಮ್ಮ ಪಡೆ ಒಂದೊಂದೇ ಜಿಲ್ಲೆ ತೆರವು ಮಾಡುತ್ತ ಬಂದಂತೆ ಹುಲಿಗಳು ಅವರನ್ನು ಬೇಟೆಯಾಡಿದರು. ಅವರು ಮಾಡಿದ ಒಂದೇ ಅಪರಾಧ ನಮ್ಮ ನೆರಳಿನಲ್ಲಿ ನಿಂತದ್ದು, ಅದೂ ಎಷ್ಟೋ ಮಂದಿ ತಾವಾಗಿ ನಿಂತದ್ದಲ್ಲ. ಹೊರಡುವ ನಿರ್ಧಾರ ಮಾಡಿದವರು ಹಡಗುಗಳನ್ನು ಎಣಿಸಿದರು, ಟ್ಯಾಂಕುಗಳನ್ನು ಎಣಿಸಿದರು. ಈ ಹುಡುಗರನ್ನು ಅಷ್ಟೇ ಎಚ್ಚರದಿಂದ ಎಣಿಸಿದ್ದರೇ ಎಂದು ಕೇಳಬೇಕಾಗುತ್ತದೆ. ಸತ್ತವರ ಋಣದ ಮಾತು ಅಷ್ಟು ದೊಡ್ಡ ದನಿಯಲ್ಲಿ ಆಡುವ ನಾವು, ಬದುಕಿದ್ದು ನಮ್ಮನ್ನೇ ನಂಬಿದವರ ಋಣವನ್ನು ಬಂದರಿನಲ್ಲಿ ಇಳಿಸಿ ಬರುತ್ತೇವೆ.

ಬಿಟ್ಟು ಬಂದ ಮೇಲೆಯೂ ಯುದ್ಧ ನಮ್ಮನ್ನು ಬಿಡಲಿಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತರಾದರು. ಆ ಕೊಲೆಯ ಸೂತ್ರ ಹಿಡಿದಿದ್ದ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕರು, ಬುಟ್ಟಣಸೆಟ್ಟಿಯ ಬೇಗೂರಿನಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ. ಹೋಗಿ ಎಂದ ಪ್ರೇಮದಾಸ 1993ರ ಮೇ 1ರಂದು ಆತ್ಮಾಹುತಿ ಬಾಂಬಿಗೆ ಬಲಿಯಾದರು. ಹುಲಿಗಳ ನಾಯಕ ಪ್ರಭಾಕರನ್ 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್ ಬಳಿ ಮುಗಿದರು, ಸಾವಿರಾರು ಸಾಮಾನ್ಯರೊಂದಿಗೆ. ಇರಬೇಕೋ ಹೊರಡಬೇಕೋ ಎಂದು ಜಗಳವಾಡಿದ ದೊಡ್ಡವರನ್ನೆಲ್ಲ ಕಾಲ ಒಬ್ಬೊಬ್ಬರನ್ನಾಗಿ ಕರೆದೊಯ್ದಿದೆ.

ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ 1989ರ ಬೇಸಿಗೆಗೆ ಹೋಗುತ್ತದೆ. ಆಗ ಪ್ರೇಮದಾಸರಿಂದ ರಾಜೀವರಿಗೆ, ರಾಜೀವರಿಂದ ಪ್ರೇಮದಾಸರಿಗೆ ಪತ್ರಗಳು ಹೋಗಿ ಬರುತ್ತಿದ್ದವು. ಹೊರಡುವುದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು, ಯಾವ ದಿನ, ಯಾವ ವೇಗದಲ್ಲಿ, ಯಾರ ಮಾತಿಗೆ ಮಣಿದಂತೆ ಕಾಣದ ಹಾಗೆ ಎಂಬುದಷ್ಟೇ ಉಳಿದಿತ್ತು. ಜುಲೈ ಕೊನೆಯಲ್ಲಿ ಸಾಂಕೇತಿಕವಾಗಿ ಒಂದು ತುಕಡಿ ಹಡಗು ಹತ್ತಿಯೂ ಆಗಿತ್ತು. ಆಗಸ್ಟ್ 2ರಂದು ವಲ್ವೆಟ್ಟಿತುರೈ ಎಂಬ ಕಡಲತಡಿಯ ಊರಿನಲ್ಲಿ ಹುಲಿಗಳು ಹೊಂಚುಹಾಕಿ ಆರು ಮಂದಿ ಭಾರತೀಯ ಸೈನಿಕರನ್ನು ಕೊಂದರು. ಅದರ ಸೇಡಿಗೆ ನಮ್ಮ ಪಡೆ ಅದೇ ಊರಿನಲ್ಲಿ 50ಕ್ಕೂ ಹೆಚ್ಚು ನಿರಾಯುಧ ಜನರನ್ನು ಕೊಂದಿತು. ಆ ಆರು ಮಂದಿ ಯಾವ ಗೆಲುವಿಗಾಗಿ ಗಸ್ತು ಹೊರಟಿದ್ದರು? ಗೆಲ್ಲುವ ಮಾತು ಆಗ ದೆಹಲಿಯಲ್ಲೂ ಇರಲಿಲ್ಲ. ಹಿಂದಿನ ಸಾವಿರ ಸಾವುಗಳಿಗೆ ಅರ್ಥ ಕೂಡಿಸಲು ಬೇಕೆಂದ ಕೆಲವು ತಿಂಗಳುಗಳಲ್ಲಿ ಇವರು ಸತ್ತರು, ಇವರಿಗಾಗಿ ಆ ಊರಿನವರು ಸತ್ತರು.