ಮುಚ್ಚಳ ತೆಗೆದವಳು

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಅಡುಗೆಮನೆಯ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿಯೊಂದು ಹೊರಗೆ ಬರುತ್ತದೆ. ಅದು ಲೊಚಗುಟ್ಟಿದರೆ ಇವತ್ತಿಗೂ ನನ್ನ ಬೆರಳು ತಾನಾಗಿಯೇ ಕಟ್ಟೆಯನ್ನು ಕುಟ್ಟುತ್ತದೆ, ಬಾಯಿ ‘ಕೃಷ್ಣ ಕೃಷ್ಣ’ ಎನ್ನುತ್ತದೆ. ಅದು ಅತ್ತೆಯಿಂದ ಬಂದ ಅಭ್ಯಾಸ. ಜೊತೆಗೇ ಒಂದು ಮುಖವೂ ನೆನಪಾಗುತ್ತದೆ.

ನಾನು ಮದುವೆಯಾಗಿ ಬಂದ ಹೊಸತು. ನಾದಿನಿಯ ಸೀಮಂತದ ದಿನ ಎರಡನೆಯ ಪಂಕ್ತಿಗೆ ಬಡಿಸಲು ಹೋದಾಗ ಸಾರಿನ ತಪ್ಪಲೆಯಲ್ಲಿ ಸತ್ತ ಹಲ್ಲಿ ಕಾಣಿಸಿತು. ‘ವಿಷ, ವಿಷ’ ಎಂದು ಗುಲ್ಲೆದ್ದಿತು. ಮೊದಲ ಪಂಕ್ತಿಯಲ್ಲಿ ಉಂಡಿದ್ದ ಇಬ್ಬರು ಸುದ್ದಿ ಕೇಳಿದೊಡನೆ ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡರು. ಡಾಕ್ಟರು ಬಂದು ನೋಡಿ, ಯಾರಿಗೂ ಏನೂ ಆಗಿಲ್ಲ ಎಂದರು. ಆದರೂ ಹತ್ತು ವರ್ಷದಿಂದ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾಕೆ ಆ ಸಂಜೆಯೇ ಕೆಲಸ ಕಳೆದುಕೊಂಡರು. “ಬಸುರಿಗೆ ವಿಷ ಉಣಿಸಲು ಹೊರಟೆಯಲ್ಲೇ!” ಎಂದರು ಅತ್ತೆ. “ನಾನು ಮುಚ್ಚಿಯೇ ಇಟ್ಟಿದ್ದೆ, ಅಮ್ಮಾ” ಎಂದಷ್ಟೇ ಆಕೆ ಹೇಳಿದರು.

ಅದು ನಿಜ. ಮೊದಲ ಪಂಕ್ತಿಗೆ ಸಾರು ಬಗ್ಗಿಸಿಕೊಂಡು ಮುಚ್ಚಳ ಹಾಕದೆ ಬಂದವಳು ನಾನು. ಹೊಸ ಸೊಸೆ; ಬಾಯಿ ಬಿಡಲಿಲ್ಲ. ಆಮೇಲೆ ಊರಿನಲ್ಲಿ ಯಾರೂ ಆಕೆಯನ್ನು ಅಡುಗೆಗೆ ಕರೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಪ್ರಾಣಿಶಾಸ್ತ್ರ ಓದುತ್ತಿದ್ದ ಮಗಳು ಗೋಡೆಯತ್ತ ಬೆರಳು ಮಾಡಿ ನಮಗೆಲ್ಲ ಪಾಠ ಹೇಳಿದಳು. ಹಲ್ಲಿಗಳದು ಬಿಸಿಲು ನಾಡುಗಳಲ್ಲೆಲ್ಲ ಹರಡಿದ ದೊಡ್ಡ ಬಳಗ. ಅದರಲ್ಲಿ ಒಂದಕ್ಕೂ ವಿಷವಿಲ್ಲ. ನಮ್ಮ ಮನೆಯ ಹಲ್ಲಿಗೆ ಮುಚ್ಚುವ ರೆಪ್ಪೆಯಿಲ್ಲ. ನಾಲಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಇವುಗಳ ದೊಡ್ಡ ನೆಂಟ ಟೋಕೆ ಹಲ್ಲಿಯ ಒಂದೊಂದು ಪಾದದಡಿಯಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ. ಗೋಡೆಗೂ ರೋಮಕ್ಕೂ ನಡುವೆ ಅಣುಗಳ ಸೆಳೆತವೇ ಅದನ್ನು ಹಿಡಿದು ನಿಲ್ಲಿಸುತ್ತದೆ, ಅಂಟಲ್ಲ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಲೊಚಗುಟ್ಟುವುದು ಇತರ ಹಲ್ಲಿಗಳಿಗೆ, ನಮಗೆ ಶಕುನ ಹೇಳಲಿಕ್ಕಲ್ಲ. “ಹಲ್ಲಿ ಬಿದ್ದ ಅಡುಗೆ ಚೆಲ್ಲಲೇಬೇಕಮ್ಮ, ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆದರೆ ವಿಷ ಅನ್ನಬೇಡ” ಎಂದಳು.

“ಅಯ್ಯೋ, ನಮಗೇನು ಗೊತ್ತಿತ್ತೇ!” ಎಂದರು ಅತ್ತೆ. ಅವರ ಮಟ್ಟಿಗೆ ಆ ಮಾತು ಸರಿ. ತಿಳಿಯದೆ ಮಾಡಿದ್ದಕ್ಕೆ ತಿಳಿವಳಿಕೆ ಬಂದ ಮೇಲೆ ಪಶ್ಚಾತ್ತಾಪ ಪಡಬಹುದು, ಹಗುರವಾಗಬಹುದು. ನನಗೆ ಮಾತ್ರ ಆ ದಾರಿ ಇರಲಿಲ್ಲ. ಹಲ್ಲಿಯಲ್ಲಿ ವಿಷವಿದ್ದರೇನು, ಇಲ್ಲದಿದ್ದರೇನು? ಮುಚ್ಚಳದ ವಿಷಯ ನನಗೆ ಅಂದೇ ಗೊತ್ತಿತ್ತು. ಮನೆಯವರೆಲ್ಲರ ಅಜ್ಞಾನದ ಮರೆಯಲ್ಲಿ ನನ್ನ ಒಬ್ಬಳ ಅರಿವು ಅಡಗಿ ಕೂತಿತ್ತು. ನಾವು ಹೆಂಗಸರು ಎಷ್ಟೋ ಸಲ ‘ಹೊಸದಾಗಿ ಬಂದವಳು, ನನ್ನ ಮಾತು ಯಾರು ಕೇಳುತ್ತಿದ್ದರು’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನನಗಿಂತಲೂ ಮಾತಿಗೆ ಬೆಲೆಯಿಲ್ಲದವರೊಬ್ಬರು ಅಂದು ಅಲ್ಲೇ ನಿಂತಿದ್ದರು.

ಮೊನ್ನೆ ಬೆಕ್ಕು ಹಲ್ಲಿಯ ಮೇಲೆ ಎರಗಿತು. ಬಾಲ ಕಳಚಿ ನೆಲದ ಮೇಲೆ ಹೊರಳಾಡಿತು. ಬೆಕ್ಕು ಅದನ್ನೇ ನೋಡುತ್ತಿರುವಾಗ ಹಲ್ಲಿ ಕಪಾಟಿನ ಹಿಂದೆ ಸೇರಿತು. ಬಾಲ ಮತ್ತೆ ಬೆಳೆಯುತ್ತದೆ; ಆದರೆ ಅದರೊಳಗೆ ಮೊದಲಿನ ಮೂಳೆ ಇರುವುದಿಲ್ಲ, ಮೃದ್ವಸ್ಥಿಯ ಕಡ್ಡಿ ಮಾತ್ರ. ಹಲ್ಲಿಯಾದರೂ ಬದುಕಿಕೊಳ್ಳಲು ಬಿಟ್ಟುಕೊಟ್ಟದ್ದು ತನ್ನದೇ ಮೈಯ ತುಂಡನ್ನು. ನಾನು ಬಿಟ್ಟುಕೊಟ್ಟದ್ದು ಇನ್ನೊಬ್ಬರ ಅನ್ನವನ್ನು.

ಆಕೆಯ ಮನೆ ಹುಡುಕಿಕೊಂಡು ಹೋದೆ. ತೀರಿಕೊಂಡು ವರ್ಷವಾಗಿತ್ತು. ಸೊಸೆಯ ಎದುರು ಎಲ್ಲ ಹೇಳಿದೆ. “ಅತ್ತೆ ಸಾಯೋವರೆಗೂ ಹೇಳ್ತಾನೇ ಇದ್ದರು ಅಮ್ಮಾ, ಮುಚ್ಚಿಯೇ ಇಟ್ಟಿದ್ದೆ ಅಂತ” ಎಂದಳು. ಆಮೇಲೆ ಎದ್ದು ಹೋಗಿ ನನಗೆ ಕಾಫಿ ಬೆರೆಸಿ ತಂದಳು. ಲೋಟದ ಮೇಲೆ ಒಂದು ತಟ್ಟೆ ಮುಚ್ಚಿದ್ದಳು.