ಸಹಿ ಹಾಕದವರು

ವರ್ಷಕ್ಕೊಮ್ಮೆ ಕೊಳ್ಳೇಗಾಲದಿಂದ ನನ್ನ ಕಾರಿನಲ್ಲೇ ಕೊಯಮತ್ತೂರಿಗೆ ಹೋಗುತ್ತೇನೆ. 1956ರವರೆಗೆ ನಮ್ಮ ತಾಲ್ಲೂಕು ಆ ಜಿಲ್ಲೆಗೇ ಸೇರಿತ್ತು. ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇಯ ಸುಮಾರು 2 ಕಿಲೋಮೀಟರ್ ಟ್ರ್ಯಾಕ್‌ನಲ್ಲಿ ನನ್ನಂಥ ಹವ್ಯಾಸಿಗಳು ಹೆಲ್ಮೆಟ್ ತೊಟ್ಟು, ಅಪಾಯ ನಮ್ಮದೇ ಎಂದು ಸಹಿ ಹಾಕಿ ಓಡಿಸುತ್ತೇವೆ.

ಅಲ್ಲಿ ವೇಗದ ಚಪಲ ತೀರಿದರೆ ರಸ್ತೆಯಲ್ಲಿ ತಾಳ್ಮೆ ಬರುತ್ತದೆಂದು ನಂಬಿದ್ದೆ. ಆದರೆ ಕಳೆದ ಶಿವರಾತ್ರಿಗೆ ಮುನ್ನ, ಹನೂರಿನಾಚೆಯ ತಿರುವೊಂದರಲ್ಲಿ ಕಲಿತ ಕೈಚಳಕ ತೋರಿಸಿದೆ. ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುತ್ತಿದ್ದ ಅಜ್ಜಿಯೊಬ್ಬರು ಬೆಚ್ಚಿ ಚರಂಡಿಗಿಳಿದರು. ಪೆಟ್ಟಾಗಲಿಲ್ಲ. ಕಾರು ನನ್ನ ಹಿಡಿತದಲ್ಲೇ ಇತ್ತು. ಅದು ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ರಸ್ತೆಯಲ್ಲಿ ನನ್ನ ಕೌಶಲಕ್ಕೆ ಬೆಲೆ ತೆರುವವರು ಬೇರೆಯವರು. ಈಗ ಟ್ರ್ಯಾಕ್‌ನಿಂದ ಮರಳುವಾಗ, ಯಳಂದೂರಿನಲ್ಲಿ ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ನಿಧಾನವಾಗಿಯೇ ಬರುತ್ತೇನೆ.